ಮೂವತ್ತೈದು ಮಿಲಿವೋಲ್ಟ್

ಮಾರ್ಚ್ 9, ಆದಿತ್ಯವಾರ

ಇವತ್ತು ರೇಚಲ್ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಬರಲಿಲ್ಲ. ಆದಿತ್ಯವಾರ ಇಗರ್ಜಿಯಿಂದ ಬಂದ ಮೇಲೆ ಅಡುಗೆಮನೆಯ ಹಿಂದಿನ ಮೆಟ್ಟಿಲಲ್ಲಿ ನಾನು ಮೇಲೆ, ಅವಳು ಕೆಳಗೆ ಕೂತು ವಾರದ ಸುದ್ದಿಯನ್ನೆಲ್ಲ ಹೇಳುವುದು ಅವಳ ಆರನೆಯ ವರ್ಷದಿಂದ ನಡೆದುಬಂದ ಕ್ರಮ. ಈಗ ಅವಳಿಗೆ ಹತ್ತೊಂಬತ್ತು. ಎಣ್ಣೆ ಬೆಚ್ಚಗೆ ಮಾಡಿ ಇಪ್ಪತ್ತು ನಿಮಿಷ ಕಾದೆ. ಆಮೇಲೆ ನಾನೇ ಅವಳ ಕೋಣೆಗೆ ಹೋದೆ. ಅಪ್ಪ ಮಗಳು ಕಂಪ್ಯೂಟರಿನ ಪಕ್ಕದ ಹಲಗೆ ತೆಗೆದು ಒಳಗೆ ಇಣುಕುತ್ತಿದ್ದರು.

“ಈಗ ಬೇಡ ಮಮ್ಮಿ, ಟೆಸ್ಟ್ ನಡೀತಾ ಉಂಟು,” ಎಂದಳು. ತಿರುಗಿಯೂ ನೋಡಲಿಲ್ಲ.

ಮೊರಿಸ್ ಜನವರಿಯಲ್ಲಿ ಮಸ್ಕತ್ ಬಿಟ್ಟು ಬಂದ, ಈ ಸಲ ಪೂರ್ತಿಯಾಗಿ. ಹದಿನೇಳು ವರ್ಷ ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಮೀಟರು, ವಾಲ್ವು ನೋಡಿಕೊಳ್ಳುವ ಟೆಕ್ನಿಶಿಯನ್ ಆಗಿದ್ದ. ವರ್ಷಕ್ಕೆ ಮೂವತ್ತು ದಿನ ಮನೆಗೆ ಬರುವ ಅತಿಥಿ. ರೇಚಲ್ ಅನಿಮೇಷನ್ ಓದುತ್ತಿದ್ದಾಳೆ, ಅವಳಿಗೆ ಗಟ್ಟಿಮುಟ್ಟಾದ ಕಂಪ್ಯೂಟರ್ ಬೇಕಿತ್ತು. ಇಬ್ಬರೂ ಸೇರಿ ಬಿಡಿಭಾಗ ತಂದು ಜೋಡಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಈಗ ಅದನ್ನು ತಯಾರಿಸಿದವರು ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸಬೇಕಂತೆ. ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹನ್ನೆರಡು ಗಂಟೆಯ ಕೆಲಸ ಹನ್ನೊಂದೇ ಗಂಟೆಯಲ್ಲಿ ಮುಗಿಯುತ್ತದೆ. ಆ ಒಂದು ಗಂಟೆ ಉಳಿಸಲು ಎರಡು ವಾರದಿಂದ ಕೂತಿದ್ದಾರೆ.

ಊಟಕ್ಕೆ ಬಂದಾಗಲೂ ಅದೇ ಮಾತು.

“1.25ರಲ್ಲಿ ಸರಿ ಓಡಲಿಲ್ಲ ಅಲ್ವಾ ಡ್ಯಾಡಿ?”

“ವೋಲ್ಟೇಜ್ ಸಾಲುದಿಲ್ಲ. ನಾಳೆ ಸ್ವಲ್ಪ ಏರಿಸುವ.”

ನಾನೂ ಏನಾದರೂ ಹೇಳಬೇಕಲ್ಲ ಎಂದು, “ವೋಲ್ಟೇಜ್ ಕಮ್ಮಿ ಬರ್ತದಾದ್ರೆ ಹಳೇ ಸ್ಟೆಬಿಲೈಜರ್ ಅಟ್ಟದಲ್ಲಿ ಉಂಟು,” ಎಂದೆ. ಇಬ್ಬರೂ ಒಟ್ಟಿಗೆ ನಕ್ಕರು. ಕೆಟ್ಟ ನಗು ಅಲ್ಲ. ಆದರೆ ಒಂದೇ ತರಹದ ನಗು, ಒಂದೇ ಕಡೆ ಶುರುವಾಗಿ ಒಂದೇ ಕಡೆ ನಿಲ್ಲುವಂಥದು. ರೇಚಲಳ ನಗು ಥೇಟ್ ನನ್ನದೇ ಎಂದು ಇಷ್ಟು ದಿನ ಎಲ್ಲರೂ ಹೇಳುತ್ತಿದ್ದರು.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನೆಯ ಮಾತು ಕೊಂಕಣಿ, ನಾನು ಓದಿದ್ದು ಇಂಗ್ಲಿಷ್. ಆದರೆ ರೇಚಲ್ ಕನ್ನಡವನ್ನು ಪರೀಕ್ಷೆಗಷ್ಟೇ ಓದಿ ಮರೆತವಳು. ಮೊರಿಸ್‌ಗೆ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ ತಾಳ್ಮೆ. ಇಲ್ಲಿ ಏನು ಬರೆದರೂ ಅದು ನನ್ನ ಹತ್ತಿರವೇ ಉಳಿಯುತ್ತದೆ.

ಮಾರ್ಚ್ 12, ಬುಧವಾರ

ನನ್ನ ಮಂಚದ ಬಳಿಯ ಟೇಬಲ್ ಫ್ಯಾನ್ ಕಾಣಲಿಲ್ಲ. ಹುಡುಕಿದರೆ ಕಂಪ್ಯೂಟರಿನ ಮುಂದೆ ತಿರುಗುತ್ತಿತ್ತು.

“ಅದಕ್ಕೆ ಸೆಕೆ ಆಗ್ತದೆ ಲವಿನಾ,” ಎಂದ ಮೊರಿಸ್.

ನನಗೆ ಆಗುವುದಿಲ್ಲವೇ ಎಂದು ಕೇಳಲಿಲ್ಲ. ಕೇಳಬಹುದಿತ್ತು.

ಮಾರ್ಚ್ 17, ಸೋಮವಾರ

ರಜೆ. ಅವರಿಬ್ಬರೂ ಉರ್ವ ಮಾರ್ಕೆಟಿಗೆ ಹೋಗಿದ್ದಾಗ ಅವರ ಪುಸ್ತಕ ತೆರೆದು ನೋಡಿದೆ. ಉದ್ದನೆಯ ನೋಟ್‌ಬುಕ್. ಮೊರಿಸ್ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾನೆ. ದಿನ, ಗಂಟೆ, ವೇಗ, ವೋಲ್ಟೇಜ್, ಉಷ್ಣ, ಫಲಿತಾಂಶ, ಸಹಿ. ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಾಲಿನ ಕೊನೆಗೂ ಒಂದೋ ಅವನ ಎಂ, ಇಲ್ಲವೇ ಅವಳ ಆರ್.

ಪುಸ್ತಕ ಮೆಚ್ಚಿಕೆಯಾಯಿತು ಎಂದು ಒಪ್ಪಿಕೊಳ್ಳಬೇಕು. ನಮ್ಮ ಐಸಿಯುನಲ್ಲೂ ಹೀಗೆಯೇ. ಔಷಧದ ಪಂಪು ಒಂದು ಗೆರೆ ಏರಿಸಿದರೂ ಗಂಟೆ ಬರೆದು ಸಹಿ ಹಾಕಬೇಕು. ಹದಿನಾಲ್ಕು ವರ್ಷದಿಂದ ಹೊಸ ಹುಡುಗಿಯರಿಗೆ ನಾನು ಕಲಿಸುವ ಮೊದಲ ಪಾಠ ಅದು.

ಆದರೆ ಏಳನೆಯ ಪುಟದಲ್ಲಿ, ಟೆಸ್ಟ್ ಸೋತ ಒಂದು ಸಾಲಿನ ಪಕ್ಕ, ರೇಚಲ್ ಅಳುವ ಮುಖವೊಂದನ್ನು ಬರೆದಿದ್ದಳು. ಮೊರಿಸ್ ಅದಕ್ಕೆ ಪೆನ್ಸಿಲಿನಲ್ಲಿ ಮೀಸೆ ಅಂಟಿಸಿದ್ದ. ಹದಿನೇಳು ವರ್ಷದಲ್ಲಿ ಆ ಮನುಷ್ಯ ನನಗೆ ಒಂದು ಹೂವಿನ ಚಿತ್ರವನ್ನೂ ಬರೆದು ಕಳುಹಿಸಿಲ್ಲ.

ನನಗೆ ಹೊಟ್ಟೆಕಿಚ್ಚು ಯಾರ ಮೇಲೆ? ಮಗಳನ್ನು ತೆಗೆದುಕೊಂಡ ಗಂಡನ ಮೇಲೋ, ಗಂಡನನ್ನು ತೆಗೆದುಕೊಂಡ ಮಗಳ ಮೇಲೋ? ಎರಡೂ ಕೇಳಲು ನಾಚಿಕೆಯಾಗುವ ಪ್ರಶ್ನೆಗಳು. ಪುಸ್ತಕವನ್ನು ಇದ್ದ ಹಾಗೆಯೇ ಇಟ್ಟೆ.

ಮಾರ್ಚ್ 22, ಶನಿವಾರ

ಡ್ಯೂಟಿ ಮುಗಿಸಿ ಪಂಪ್‌ವೆಲ್‌ನಲ್ಲಿ ಬಸ್ ಹತ್ತಿದವಳು ಮನೆಗೆ ಹೋಗದೆ ಹಂಪನಕಟ್ಟೆಯಲ್ಲಿ ಇಳಿದೆ. ಮೊರಿಸ್ ಬಿಡಿಭಾಗ ತಂದದ್ದು ಅಲ್ಲಿಯ ಅಯ್ಯೂಬನ ಅಂಗಡಿಯಿಂದ. ಅವನ ತಾಯಿ ಹಿಂದೊಮ್ಮೆ ನಮ್ಮ ವಾರ್ಡಿನಲ್ಲಿದ್ದರು.

“ಒಂದು ಮೌಸ್ ಬೇಕಿತ್ತು.”

“ಸಾರ್ ಮೊನ್ನೆಯಷ್ಟೇ ಕೊಂಡುಹೋದ್ರಲ್ಲ ಸಿಸ್ಟರ್?”

“ಹಾಗಾದ್ರೆ ಬೇಡ. ಈ ವೋಲ್ಟೇಜ್ ಅಂದ್ರೆ ಎಂತ, ಅದನ್ನು ಹೇಳು.”

ಅವನು ನನ್ನ ಮುಖ ನೋಡಿದ, ಸ್ಟೂಲ್ ಎಳೆದು ಕೊಟ್ಟ. ಒಳ್ಳೆಯ ಹುಡುಗ, ಯಾಕೆಂದು ಕೇಳಲಿಲ್ಲ.

“ಗೋಡೆಯ ಕರೆಂಟ್ ಬೇರೆ, ಇದು ಬೇರೆ ಸಿಸ್ಟರ್. ಪ್ರೊಸೆಸರಿಗೆ ಹೋಗುವುದು ಹೆಚ್ಚು ಕಮ್ಮಿ ಒಂದೂಕಾಲು ವೋಲ್ಟ್. ಟಾರ್ಚಿನ ಒಂದು ಸೆಲ್ಲಿಗಿಂತಲೂ ಕಮ್ಮಿ.”

“ಅಷ್ಟಕ್ಕೆ ಇಷ್ಟು ಗಲಾಟೆಯಾ?”

“ಅಷ್ಟರೊಳಗೇ ಎಲ್ಲ ಇರುವುದು. ವೇಗ ಏರಿಸಿದ್ರೆ ವೋಲ್ಟೇಜೂ ಸ್ವಲ್ಪ ಏರಿಸ್ಬೇಕು. ಸಾಲದಿದ್ರೆ ಕೆಲಸದ ಮಧ್ಯೆ ನೀಲಿ ಪರದೆ ಬಂದು ನಿಲ್ತದೆ. ಜಾಸ್ತಿ ಆದ್ರೆ ಬಿಸಿ. ವೋಲ್ಟೇಜ್ ಚೂರು ಏರಿದ್ರೆ ಬಿಸಿ ತುಂಬ ಏರ್ತದೆ, ಚಿಪ್ಪಿನ ಆಯುಷ್ಯ ಹೋಗ್ತದೆ. ಬೋರ್ಡಿನ ಇಷ್ಟಕ್ಕೆ ಬಿಟ್ರೆ ಅದು ತನ್ನ ಧೈರ್ಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡ್ತದೆ. ಅದಕ್ಕೇ ಸಾರ್ ಕೈಯಿಂದ ಇಡ್ತಾ ಇರುವುದು.”

“ಕಮ್ಮಿ ಕೊಟ್ರೆ ಹಾಳಾಗ್ತದಾ?”

“ಇಲ್ಲ. ನಿಲ್ತದೆ ಅಷ್ಟೇ. ಮತ್ತೆ ಏರಿಸಿದ್ರೆ ಸರಿ.”

ಇನ್ನೊಂದು ವಿಷಯವನ್ನೂ ಹೇಳಿದ. ಸುಮ್ಮನಿರುವಾಗ ಪರದೆಯಲ್ಲಿ ಕಾಣುವ ವೋಲ್ಟೇಜ್ ಬೇರೆ. ನಿಜವಾದ ಕೆಲಸ ಬಿದ್ದಾಗ ಅದು ಸ್ವಲ್ಪ ಕುಸಿಯುತ್ತದೆ. ಆ ಕುಸಿತವನ್ನೂ ಲೆಕ್ಕಕ್ಕೆ ಹಿಡಿದು ಇಡಬೇಕು.

ಮನೆಗೆ ಬರುವ ಬಸ್ಸಿನಲ್ಲಿ ನನಗೆ ಎಲ್ಲವೂ ಹೊಳೆಯಿತು. ಇದು ನಮ್ಮ ನಿದ್ದೆಯ ಔಷಧದ ಹಾಗೆಯೇ. ವೆಂಟಿಲೇಟರಿನಲ್ಲಿರುವ ರೋಗಿಗೆ ಕಡಿಮೆ ಕೊಟ್ಟರೆ ಎಚ್ಚೆತ್ತು ಕೊಳವೆ ಕೀಳುತ್ತಾನೆ, ಹೆಚ್ಚು ಕೊಟ್ಟರೆ ರಕ್ತದೊತ್ತಡ ಬೀಳುತ್ತದೆ. ಸಾಕಾಗುವ ಅತಿ ಕಡಿಮೆ ಪ್ರಮಾಣ ಯಾವುದೆಂದು ಹುಡುಕುವುದೇ ಕಲೆ. ಅದನ್ನು ನಾನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಅವರು ಆಡುತ್ತಿರುವ ಆಟ ನನ್ನ ಆಟ!

ನಾಳೆ ಊಟಕ್ಕೆ ಕೂತಾಗ ಹೇಳಬೇಕು. ಜಂಬ ಬೇಡ, ಸಹಜವಾಗಿ.

ಮಾರ್ಚ್ 30, ಆದಿತ್ಯವಾರ

ಎಂಟು ದಿನ ಸಮಯ ಕಾದೆ. ಇವತ್ತು ಮಧ್ಯಾಹ್ನ ಮೀನಿನ ಸಾರು ಬಡಿಸುತ್ತ, “ನೀವು ನೋಡುವ ವೋಲ್ಟೇಜ್ ಸುಮ್ಮನಿರುವಾಗಿನದ್ದಾ, ಕೆಲಸ ಮಾಡುವಾಗಿನದ್ದಾ? ಭಾರ ಬಿದ್ದರೆ ಅದು ಇಳೀತದೆ ಅಲ್ವಾ?” ಎಂದೆ.

ಮೊರಿಸ್ ಕೈ ನಿಲ್ಲಿಸಿದ. “ಹೌದಲ್ಲ! ನಿನಗೆ ಯಾರು ಹೇಳಿದ್ದು?”

ನಾನು ಉತ್ತರಿಸುವ ಮೊದಲೇ ರೇಚಲ್, “ಅದು ಹೋದ ತಿಂಗಳೇ ನೋಡಿ ಆಯ್ತು ಮಮ್ಮಿ,” ಎಂದಳು. “ಈಗ 1.270ರಲ್ಲಿ ಆರು ಗಂಟೆ ನಿಲ್ಲದೆ ಓಡಿದೆ. ಮುಗೀತು.” ಆಮೇಲೆ ನನ್ನನ್ನು ಸಮಾಧಾನ ಮಾಡುವಂತೆ, “ಆದ್ರೆ ನೀನು ಓದಿದ್ದು ಕ್ಯೂಟ್,” ಎಂದಳು.

ಕ್ಯೂಟ್.

ತಟ್ಟೆ ಎತ್ತುವಾಗ ಅಪ್ಪನ ಹೆಗಲಿಗೆ ತಲೆ ಆನಿಸಿ ಹೇಳಿದಳು, “ಡ್ಯಾಡಿ, ನೀನು ಮೊದಲೇ ಇಲ್ಲಿ ಇರ್ತಿದ್ರೆ ನಾನು ಎಷ್ಟು ಕಲಿತಿದ್ದೆ ಗೊತ್ತುಂಟಾ?”

ಅವಳು ನನ್ನನ್ನು ನೋಯಿಸಲು ಹೇಳಿದ್ದಲ್ಲ. ಅದು ನನಗೆ ಗೊತ್ತು. ಅಷ್ಟು ಗೊತ್ತಿದ್ದೂ ಏನೂ ಪ್ರಯೋಜನವಾಗಲಿಲ್ಲ. ಅವಳಿಗೆ ಕೆಪ್ಪಟೆ ಬಂದು ಕೆನ್ನೆ ಊದಿದಾಗ, ಗಣಿತದಲ್ಲಿ ಫೇಲಾದಾಗ, ದೊಡ್ಡವಳಾದಾಗ ಪಕ್ಕದಲ್ಲಿ ಕೂತದ್ದು ಯಾರು? ಇದನ್ನು ಬರೆಯುವಾಗಲೇ ನನ್ನ ಮಾತು ನನಗೇ ಹಿಡಿಸುತ್ತಿಲ್ಲ. ಆದರೂ ಅಳಿಸುವುದಿಲ್ಲ.

ಏಪ್ರಿಲ್ 3, ಗುರುವಾರ

ಸೆಕೆ ವಿಪರೀತ. ಬಂಗುಡೆ ಮೀನು ಚೆನ್ನಾಗಿತ್ತು. ರೇಚಲ್ ಕಾಲೇಜಿಗೆ ಹೋಗಿದ್ದಳು, ಮೊರಿಸ್ ಗ್ಯಾಸ್ ಕಚೇರಿಗೆ. ನನಗೆ ರಜೆ.

ಬರೆಯಲೇಬೇಕು. ಕಂಪ್ಯೂಟರ್ ಆನ್ ಮಾಡಿದೆ. ಶುರುವಾಗುವಾಗ ಡಿಲೀಟ್ ಒತ್ತಿ ಹಿಡಿದರೆ ಅದರ ಒಳಗಿನ ಸೆಟ್ಟಿಂಗಿನ ಪರದೆ ಬರುತ್ತದೆ ಎಂದು ಅಯ್ಯೂಬ್ ತೋರಿಸಿದ್ದ. ಬಂತು. ವೋಲ್ಟೇಜ್ ಎಲ್ಲಿದೆ ಎಂದು ಹುಡುಕಲು ಎರಡು ನಿಮಿಷ ಹಿಡಿಯಿತು. 1.270. ಅದನ್ನು ಅಳಿಸಿ 1.235 ಎಂದು ಬರೆದು, ಉಳಿಸಿ, ಹೊರಬಂದೆ. ಮೂವತ್ತೈದು ಮಿಲಿವೋಲ್ಟ್. ಕಂಪ್ಯೂಟರ್ ಮಾಮೂಲಿನಂತೆ ಶುರುವಾಯಿತು. ಆಫ್ ಮಾಡಿದೆ.

ಪುಸ್ತಕದಲ್ಲಿ ಬರೆಯಲಿಲ್ಲ.

ಕಡಿಮೆ ಕೊಟ್ಟರೆ ಹಾಳಾಗುವುದಿಲ್ಲ. ನಾನು ಏನನ್ನೂ ಹಾಳು ಮಾಡಿಲ್ಲ. ಏನಾಗುತ್ತದೆ ನೋಡೋಣ ಎಂದಷ್ಟೇ. ಪ್ರಾಯಶಃ ಏನೂ ಆಗುವುದಿಲ್ಲ.

ಏಪ್ರಿಲ್ 5, ಶನಿವಾರ

ಆಯಿತು. ರೇಚಲ್ ಪ್ರಾಜೆಕ್ಟಿಗೆ ಒಂದೂವರೆ ನಿಮಿಷದ ಚಿತ್ರ ಮಾಡುತ್ತಿದ್ದಾಳೆ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗೆ, ಆ ಮರದ ಹಡಗಿಗೆ, ಸಾಮಾನು ತುಂಬುವುದು. ಹದಿನಾರನೇ ತಾರೀಕಿಗೆ ಒಪ್ಪಿಸಬೇಕು. ಬೆಳಿಗ್ಗೆ ಕಂಪ್ಯೂಟರನ್ನು ಚಿತ್ರ ತಯಾರಿಸಲು ಹಚ್ಚಿದಳು. ನಾಲ್ಕು ಗಂಟೆ ಓಡಿತು. ಆಮೇಲೆ ನೀಲಿ ಪರದೆ. ಅದು ನಿಂತದ್ದು ಫೈಲ್ ಉಳಿಸುತ್ತಿರುವಾಗಲೇ. ನಿನ್ನೆಯ ಇಡೀ ಕೆಲಸವಿದ್ದ ಆ ಫೈಲ್ ಮತ್ತೆ ತೆರೆಯಲಿಲ್ಲ.

ಅದು ನನಗೆ ಗೊತ್ತಿರಲಿಲ್ಲ. ನಿಲ್ಲುತ್ತದೆ ಅಷ್ಟೇ ಎಂದಿದ್ದ ಅಯ್ಯೂಬ್.

ಮೊರಿಸ್ ಪುಸ್ತಕ ತೆಗೆದು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದ. “1.270. ಆರು ಗಂಟೆ, ಪಾಸ್. ನಿನ್ನದೇ ಸಹಿ ಉಂಟು ರೇಚಲ್. ವೋಲ್ಟೇಜಿನದ್ದು ಅಲ್ಲವೇ ಅಲ್ಲ. ಸೆಕೆಯದ್ದು ಇರ್ಬೇಕು.”

ಸೆಟ್ಟಿಂಗಿನ ಪರದೆ ತೆರೆದು ನೋಡಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಅವನು ನೋಡಲಿಲ್ಲ. ಸಹಿಯಿಲ್ಲದೆ ಯಾರೂ ಏನನ್ನೂ ಮುಟ್ಟದ ಜಾಗದಲ್ಲಿ ಹದಿನೇಳು ವರ್ಷ ಬಾಳಿದವನು.

ಏಪ್ರಿಲ್ 6, ಆದಿತ್ಯವಾರ

ಮೊರಿಸ್ ಪ್ರೊಸೆಸರಿನ ಮೇಲಿನ ಕೂಲರ್ ಬಿಚ್ಚಿ, ಹಳೆಯ ಪೇಸ್ಟ್ ಒರೆಸಿ ಹೊಸತು ಹಚ್ಚಿದ. ಮತ್ತೆ ಓಡಿಸಿದರು. ಮೂರೂವರೆ ಗಂಟೆ ಓಡಿ ನಿಂತಿತು. ಕೆಲಸ ಮಾಡುವಾಗ ವೋಲ್ಟೇಜ್ ಎಷ್ಟು ಕಾಣುತ್ತದೆಂದು ನೋಡಿದ. ಕಡಿಮೆ ಕಂಡಿತು. “ಕುಸಿತ ಜಾಸ್ತಿ ಆಗಿದೆ. ಪವರ್ ಸಪ್ಲೈ ಸಾಯ್ತಾ ಉಂಟು,” ಎಂದು ನಿರ್ಧರಿಸಿ ಅಯ್ಯೂಬನಿಂದ ಇನ್ನೊಂದು ಎರವಲು ತರುತ್ತೇನೆಂದ. ಮೊದಲು ಇಟ್ಟ ವೋಲ್ಟೇಜೇ ಕಡಿಮೆ ಇರಬಹುದೆಂದು ಅವನಿಗೆ ಹೊಳೆಯುವುದೇ ಇಲ್ಲ. ಪುಸ್ತಕದಲ್ಲಿ 1.270 ಇದೆಯಲ್ಲ.

“ನನ್ನ ಫೈಲ್ ಹೋಯ್ತು ಡ್ಯಾಡಿ!” ಎಂದು ಕಿರುಚಿದಳು ರೇಚಲ್. “ನಿಂಗೆ ಸುಮ್ಮನೆ ಇರ್ಲಿಕ್ಕೆ ಆಗುದಿಲ್ವಾ? ಚೆನ್ನಾಗಿ ಇದ್ದದ್ದನ್ನು ಯಾಕೆ ಮುಟ್ಟಬೇಕಿತ್ತು? ಇದು ನಿನ್ನ ಪ್ಲಾಂಟ್ ಅಲ್ಲ!”

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿಕೊಂಡು ನಿಂತಿದ್ದ.

ಏಪ್ರಿಲ್ 8, ಮಂಗಳವಾರ

ಡ್ಯೂಟಿಯಿಂದ ಬಂದಾಗ ರೇಚಲ್ ನನ್ನ ಮಂಚದಲ್ಲಿ ಮಲಗಿದ್ದಳು. “ಮಮ್ಮಿ, ತಲೆಗೆ ಎಣ್ಣೆ ಹಾಕ್ತೀಯಾ?” ಎಂದಳು. ಹಾಕಿದೆ. ಕಾಲೇಜಿನ ಲ್ಯಾಬು, ಗೆಳತಿಯ ಜಗಳ, ಎಲ್ಲ ಹೇಳಿದಳು. ನನ್ನ ಮೊಣಕಾಲಿಗೆ ಒರಗಿ ಕಣ್ಣು ಮುಚ್ಚಿದಳು.

ಖುಷಿಯಾಗಿದ್ದೇನೆ.

ಏಪ್ರಿಲ್ 10, ಗುರುವಾರ

ನಳಿನಾಕ್ಷಿ ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು, ಬಾಯಿಗೆ ಬೀಗವಿಲ್ಲ. ಚಾ ಕುಡಿಯುವಾಗ ಕೇಳಿದಳು, “ಎಂತ ಸಿಸ್ಟರ್, ಮುಖ ಹೀಗೆ ಉಂಟು? ಹದಿನೇಳು ವರ್ಷ ಗಂಡ ಇಲ್ಲ ಅಂತ ಹೇಳಿ ನನ್ನ ತಲೆ ತಿಂದ್ರಿ. ಈಗ ಗಂಡ ಇದ್ದಾನೆ ಅಂತ ತಿನ್ನುದಾ?”

“ನಾನು ಎಂತ ಹೇಳಿದೆ ಈಗ?”

“ಹೇಳ್ಬೇಕಾ? ಮುಖ ಉಂಟಲ್ಲ. ಮಗಳು ಅಪ್ಪನ ಹಿಂದೆ ಹೋದ್ಲು ಅಂತ ಹೊಟ್ಟೆ ಉರಿ. ನನ್ನ ಮಗಳು ಅಪ್ಪನ ಹಿಂದೆ ಹೋಗುದಿದ್ರೆ ನಾನು ಚಪ್ಪಾಳೆ ತಟ್ಟಿ ಮಲಗ್ತಿದ್ದೆ ಮಾರಾಯ್ತಿ. ನನ್ನ ಗಂಡನಿಗೆ ಮೊಬೈಲು ಬಿಟ್ರೆ ಬೇರೆ ಮಕ್ಕಳಿಲ್ಲ.”

ನಕ್ಕೆ. ಅವಳಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ನನ್ನನ್ನು ಬೈಯುತ್ತಾಳೆ, ನಾಳೆ ಮರೆಯುತ್ತಾಳೆ. ಆದರೆ ಒಂದು ವಿಷಯವನ್ನು ಮಾತ್ರ ಮರೆಯಲಾರಳು: ಲವಿನಾ ಸಿಸ್ಟರ್ ಸಹಿ ಹಾಕದೆ ಏರಿಸಿ ಇಳಿಸಿ ಮಾಡಿದ್ದಾರೆ.

ಏಪ್ರಿಲ್ 12, ಶನಿವಾರ

ನಾಳೆ ಗರಿಗಳ ಆದಿತ್ಯವಾರ. ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಮೊದಲು ಎಲ್ಲರೂ ಗುರುಗಳ ಬಳಿ ಪಾಪನಿವೇದನೆ ಮಾಡಬೇಕು. ನಾವು ಕುಮ್ಸಾರ್ ಎನ್ನುತ್ತೇವೆ. ಪರವೂರಿನ ವಯಸ್ಸಾದ ಫಾದರ್ ಬಂದಿದ್ದರು. ಉದ್ದ ಸಾಲು. ಬೇಕೆಂದೇ ಅವರ ಸಾಲಿನಲ್ಲಿ ನಿಂತೆ.

“ಮನೆಯವರ ಕಂಪ್ಯೂಟರಿನ ವೋಲ್ಟೇಜ್ ಇಳಿಸಿದೆ ಫಾದರ್. ಹೊಟ್ಟೆಕಿಚ್ಚಿನಿಂದ.”

ಫಾದರ್ ಕಿವಿಯನ್ನು ಜಾಲರಿಯ ಹತ್ತಿರ ತಂದರು. “ಕರೆಂಟ್ ಹೊಡೀತಾ ಯಾರಿಗಾದ್ರೂ?”

“ಇಲ್ಲ ಫಾದರ್.”

“ಕಂಪ್ಯೂಟರ್ ಹಾಳಾಯ್ತಾ?”

“ಇಲ್ಲ. ಮಧ್ಯೆ ಮಧ್ಯೆ ನಿಲ್ತದೆ.”

“ನಮ್ಮ ಆಫೀಸಿನದ್ದು ಯಾರೂ ಮುಟ್ಟದೆಯೇ ನಿಲ್ತದೆ,” ಎಂದರು. ಆಮೇಲೆ ಗಂಭೀರವಾಗಿ, “ಹೊಟ್ಟೆಕಿಚ್ಚು ಒಳ್ಳೇದಲ್ಲ ಮಗಾ. ಯಾರಿಗೆ ತೊಂದರೆ ಆಗಿದೆಯೋ ಅವರಿಗೆ ಸರಿ ಮಾಡಿ ಕೊಡು. ಮೂರು ಸಲ ನಮಾನ್ ಮರಿಯೆ ಪ್ರಾರ್ಥನೆ ಹೇಳು.”

ಹೇಳಿದೆ. ಹಗುರವಾಯಿತು. ಹೊರಗೆ ಬಂದು ರೇಚಲ್‌ಗೆ ನಾಳೆಯ ಪೂಜೆಗೆ ಗರಿ ತೆಗೆದುಕೊಳ್ಳಲು ಮರೆಯಬೇಡ ಎಂದು ಮೆಸೇಜ್ ಹಾಕಿದೆ. ದೇವರಿಗೆ ಹೇಳಿಯಾಯಿತು. ದೇವರಿಗಿಂತ ದೊಡ್ಡವರು ಯಾರು? ಇನ್ನು ಇದನ್ನು ಕೆದಕುವುದು ಬೇಡ.

ಏಪ್ರಿಲ್ 14, ಸೋಮವಾರ

ಮೊರಿಸ್ ಕೊನೆಗೂ ಸೋತ. ಎರವಲು ತಂದ ಪವರ್ ಸಪ್ಲೈ ಹಾಕಿದರೂ ನಿಂತಿತಂತೆ. ಇವತ್ತು ಬೆಳಿಗ್ಗೆ ಎಲ್ಲ ಸೆಟ್ಟಿಂಗುಗಳನ್ನೂ ಒಂದೇ ಗುಂಡಿಯಲ್ಲಿ ಅಳಿಸಿ, ಕಾರ್ಖಾನೆಯಿಂದ ಬಂದ ಹಾಗೆ ಮಾಡಿಬಿಟ್ಟ. ಹಳೆಯ ವೇಗ, ಬೋರ್ಡು ತಾನೇ ಕೊಡುವ ವೋಲ್ಟೇಜ್. ಈಗ ಸರಿಯಾಗಿ ಓಡುತ್ತಿದೆ.

ನನ್ನ 1.235 ಅದರ ಜೊತೆಗೇ ಅಳಿಸಿ ಹೋಯಿತು. ಇನ್ನು ಯಾರಿಗೂ ಎಂದಿಗೂ ತಿಳಿಯುವುದಿಲ್ಲ.

“ಹೀಗೇ ಇರ್ಲಿ ಡ್ಯಾಡಿ, ಮುಟ್ಟಬೇಡ,” ಎಂದಳು ರೇಚಲ್. ಸಿಟ್ಟಿನಿಂದಲ್ಲ, ಹೊರಗಿನವರಿಗೆ ಹೇಳುವಷ್ಟು ಮರ್ಯಾದೆಯಿಂದ. ಅದನ್ನು ಕೇಳಿ ನನಗೆ ಒಂಥರಾ ಆಯಿತು.

ಸಂಜೆ ಅವನು ಹಾಲ್‌ನಲ್ಲಿ ಸ್ವಿಚ್‌ಬೋರ್ಡಿನ ಮುಂದೆ ನಿಂತು ಒಂದೊಂದೇ ಸ್ವಿಚ್ ಒತ್ತಿ ನೋಡುತ್ತಿದ್ದ. ಮೂರು ತಿಂಗಳಾಯಿತು, ಯಾವ ಸ್ವಿಚ್ ಯಾವ ದೀಪದ್ದೆಂದು ಇನ್ನೂ ಗೊತ್ತಿಲ್ಲ. ಅಂಗಳದ ದೀಪ ಹತ್ತಿತು, ಫ್ಯಾನ್ ತಿರುಗಿತು, ಕೊನೆಗೆ ಹಾಲಿನ ದೀಪ. ನನ್ನ ಕಡೆ ತಿರುಗಿ, “ಲಯನೆಲ್ ಫೋನ್ ಮಾಡಿದ್ದ,” ಎಂದ. ಲಯನೆಲ್ ಮಸ್ಕತ್ತಿನಲ್ಲಿ ಅವನ ಜೊತೆಗಿದ್ದವನು. “ಎರಡು ವರ್ಷದ ಕಾಂಟ್ರಾಕ್ಟ್ ಉಂಟಂತೆ. ಶನಿವಾರದೊಳಗೆ ಹೇಳ್ಬೇಕು.”

“ನೀನು ಎಂತ ಹೇಳಿದೆ?”

“ಹೋಗ್ತೇನೆ ಅಂತ ಕಾಣ್ತದೆ. ಇಲ್ಲಿ ನಾನು ಕೈ ಹಾಕಿದ್ದೆಲ್ಲ ಹೀಗೇ. ನೀವಿಬ್ಬರೂ ಚೆನ್ನಾಗಿ ಇದ್ರಿ, ನಾನು ಬಂದು ಸುಮ್ಮನೆ…” ಅಷ್ಟಕ್ಕೆ ಬಿಟ್ಟು, ಹತ್ತಿದ್ದ ಅಂಗಳದ ದೀಪ ಆರಿಸಲು ಹೋಗಿ ಫ್ಯಾನ್ ಆರಿಸಿದ.

ಏಪ್ರಿಲ್ 15, ಮಂಗಳವಾರ

ಅವನು ಹೋದರೆ ಮೊದಲಿನ ಹಾಗೆಯೇ ಆಗುತ್ತದೆ. ನಾನು, ರೇಚಲ್, ಮೆಟ್ಟಿಲು. ನನಗೆ ಬೇಕಿದ್ದದ್ದು ಅದೇ ತಾನೆ?

ಅಡುಗೆಮನೆಯಲ್ಲಿ ಅವನು ಈರುಳ್ಳಿ ಕತ್ತರಿಸುವುದನ್ನು ನೋಡಿದೆ. ಎಲ್ಲ ಚೂರುಗಳೂ ಒಂದೇ ಗಾತ್ರ. ಕ್ಯಾಂಪಿನಲ್ಲಿ ಎಂಟು ಜನ ಸರದಿಯಲ್ಲಿ ಅಡುಗೆ ಮಾಡುತ್ತಿದ್ದರಂತೆ, ದೊಡ್ಡ ಚೂರು ಬಂದರೆ ಲಯನೆಲ್ ಬೈಯುತ್ತಿದ್ದನಂತೆ. ಇಷ್ಟು ವರ್ಷದಲ್ಲಿ ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಫೋನಿನಲ್ಲಿ ನಾವು ಶಾಲೆಯ ಫೀಸು, ಅಮ್ಮನ ಮಂಡಿನೋವು, ಬಾವಿಯ ಪಂಪು, ಇವನ್ನೇ ಮಾತಾಡುತ್ತಿದ್ದೆವು.

ಎರಡು ವರ್ಷ ಎನ್ನುತ್ತಾರೆ. ಹದಿನೇಳೂ ಹೀಗೆ ಎರಡು, ಎರಡು ಎನ್ನುತ್ತಲೇ ಆದದ್ದು.

ಏಪ್ರಿಲ್ 17, ಪವಿತ್ರ ಗುರುವಾರ

ಹೇಳಿದೆ.

ರೇಚಲ್ ನಿನ್ನೆ ಚಿತ್ರ ಒಪ್ಪಿಸಿ ಬಂದಿದ್ದಳು, ಕಳೆದುಹೋದ ಭಾಗವನ್ನು ಮತ್ತೆ ಮಾಡಿ. ಮಧ್ಯಾಹ್ನ ಮೂವರೂ ಚಾಕ್ಕೆ ಕೂತಿದ್ದೆವು. ಮೊರಿಸ್ ಫೋನ್ ತೆಗೆದು, “ಲಯನೆಲ್‌ಗೆ ಇವತ್ತೇ ಹೇಳಿಬಿಡ್ತೇನೆ, ನಾಳೆ ಶುಭ ಶುಕ್ರವಾರ,” ಎಂದ. ರೇಚಲ್ ಬಿಸ್ಕತ್ತು ಮುರಿಯುತ್ತಿದ್ದಳು. ಅವಳು ಬೇಡ ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ.

“ಫೋನ್ ಇಡು ಮೊರಿಸ್,” ಎಂದೆ. “ಕಂಪ್ಯೂಟರ್ ನಿಂತದ್ದು ನಿನ್ನಿಂದ ಅಲ್ಲ. ಮೂರನೇ ತಾರೀಕು ನಾನು ವೋಲ್ಟೇಜ್ ಇಳಿಸಿದ್ದೆ. ಸೆಟ್ಟಿಂಗಿನೊಳಗೆ ಹೋಗಿ. ಪುಸ್ತಕದಲ್ಲಿ ಬರೀಲಿಲ್ಲ.”

ರೇಚಲ್ ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನನ್ನ ಮುಖ ನೋಡಿದಳು.

“ಎಷ್ಟಕ್ಕೆ?” ಎಂದ ಮೊರಿಸ್.

“1.235.”

“1.235ಕ್ಕೆ?” ಅವನು ಎದ್ದು ನಿಂತ. “ಅದರಲ್ಲಿ ನಾಲ್ಕು ಗಂಟೆ ಓಡಿತಾ? ಈ ಸೆಕೆಯಲ್ಲಿ? ರೇಚಲ್, ಕೇಳಿದ್ಯಾ? ಹಾಗಾದ್ರೆ ನಮ್ಮದು 1.270 ಜಾಸ್ತಿ ಆಯ್ತು. 1.250ರಲ್ಲೇ ಗಟ್ಟಿಯಾಗಿ ಓಡ್ಬೇಕು! ಮೊದಲು ಓಡದೆ ಇದ್ದದ್ದು ಕೂಲರ್ ಸರಿ ಕೂರದ್ದರಿಂದ ಇರ್ಬೇಕು…”

“ಡ್ಯಾಡಿ!” ರೇಚಲ್ ಬಿಸ್ಕತ್ತು ಕೆಳಗಿಟ್ಟಳು. “ಮಮ್ಮಿ ಎಂತ ಹೇಳ್ತಾ ಇದ್ದಾಳೆ ಅಂತ ಕೇಳ್ತಾ ಉಂಟಾ ನಿಂಗೆ?” ನನ್ನ ಕಡೆ ತಿರುಗಿದಳು. “ಯಾಕೆ ಮಮ್ಮಿ?”

“ನೀವಿಬ್ಬರೂ ಒಟ್ಟಿಗೆ ನಗ್ತಿದ್ರಿ,” ಎಂದೆ. ದೊಡ್ಡ ಕಾರಣವೊಂದು ಇರಬೇಕೆಂದು ನಾನೂ ಹುಡುಕಿದ್ದೆ. ಸಿಕ್ಕಿರಲಿಲ್ಲ.

“ನನ್ನ ಫೈಲ್ ಹೋಯ್ತು. ನಾನು ಡ್ಯಾಡಿಗೆ ಎಷ್ಟು ಬೈದೆ. ನೀನು ಅಲ್ಲೇ ನಿಂತು ಕೇಳ್ತಿದ್ದೆ. ಆಮೇಲೆ ನನ್ನ ತಲೆಗೆ ಎಣ್ಣೆ ಹಾಕಿದೆ.” ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಡಿಯಲಿಲ್ಲ, ಮೆತ್ತಗೆ ಹಾಕಿದಳು.

ಮೊರಿಸ್ ಮತ್ತೆ ಕೂತ. ಈಗ ಅವನ ಮುಖದಿಂದ ವೋಲ್ಟೇಜ್ ಇಳಿದಿತ್ತು. “ನಾನು ಬಂದದ್ದು ನಿಂಗೆ ಅಷ್ಟು ಕಷ್ಟ ಆಯ್ತಾ ಲವಿನಾ?”

“ಆಯ್ತು,” ಎಂದೆ. “ಆದ್ರೆ ಹೋಗ್ಬೇಡ.”

ಅವನು ತಣ್ಣಗಾದ ಚಾದ ಮೇಲಿನ ಕೆನೆಯನ್ನು ಚಮಚದಿಂದ ಬದಿಗೆ ಸರಿಸುತ್ತಿದ್ದ. “ಆ ದಿನ ಸ್ಕ್ರೂಡ್ರೈವರ್ ಹಿಡ್ಕೊಂಡು ನಾನು ನಿಂತದ್ದು ನೀನು ನೋಡಿದ್ದಿ,” ಎಂದ.

“ನೋಡಿದ್ದೆ.”

ಫೋನನ್ನು ಮೇಜಿನ ಮೇಲೆಯೇ ಬಿಟ್ಟು ಅಂಗಳಕ್ಕೆ ಹೋದ. ಸಂಜೆ ಮೂವರೂ ಇಗರ್ಜಿಗೆ ಹೋದೆವು, ರೇಚಲ್ ಬೆಂಚಿನಲ್ಲಿ ಅವನ ಆಚೆ ಬದಿಗೆ ಕೂತಳು.

ಏಪ್ರಿಲ್ 19, ಶನಿವಾರ

ಲಯನೆಲ್‌ಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಲಯನೆಲ್ ಕಾರಣ ಕೇಳಿರಬೇಕು. “ಇಲ್ಲಿ ಒಂದು ಟೆಸ್ಟ್ ಬಾಕಿ ಉಂಟು ಮಾರಾಯ,” ಎಂದದ್ದು ಕೇಳಿಸಿತು.

ನನ್ನ ಜೊತೆ ಹೆಚ್ಚು ಮಾತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ರೇಚಲ್ ಅದನ್ನೂ ಕೊಡುವುದಿಲ್ಲ.

ಏಪ್ರಿಲ್ 27, ಆದಿತ್ಯವಾರ

ಅಪ್ಪ ಮಗಳು ಮತ್ತೆ ಶುರು ಮಾಡಿದ್ದಾರೆ. 1.250. ಬೆಳಿಗ್ಗೆಯಿಂದ ಓಡುತ್ತಿದೆ, ಇನ್ನೂ ನಿಂತಿಲ್ಲ. ಉಷ್ಣ ಎಂಬತ್ತರ ಒಳಗೇ ಇದೆಯಂತೆ, ಮೊದಲಿಗಿಂತ ಆರು ಡಿಗ್ರಿ ಕಡಿಮೆ. ಇವನ್ನೆಲ್ಲ ಮೊರಿಸ್ ಈರುಳ್ಳಿ ಕತ್ತರಿಸುತ್ತ ಹೇಳಿದ. ನಾನು ಕೇಳಿರಲಿಲ್ಲ.

ಕೋಣೆಯೊಳಗಿಂದ ರೇಚಲಳ ದನಿ ಬಂತು, ನನಗೆ ಕೇಳಲೆಂದೇ. “ಡ್ಯಾಡಿ, ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿದ್ದೇನೆ. ಇನ್ನು ಯಾರಾದ್ರೂ ಒಳಗೆ ಹೋಗುದಾದ್ರೆ ನನ್ನ ಕೇಳಿ ಹೋಗ್ಬೇಕು.” ಹತ್ತು ದಿನದಲ್ಲಿ ನನ್ನ ಬಗ್ಗೆ ಅವಳಾಡಿದ ಮೊದಲ ಮಾತು.

ಮೊರಿಸ್ ನಗುವನ್ನು ಮೀಸೆಯೊಳಗೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದ. “ನಂಗೆ ಹೇಳಿದ್ದಾಳೆ. ನಿಂಗೆ ಬೇಕಾ?”

“ಬೇಡ,” ಎಂದೆ. “ಅವಳಿಗೆ ಹೇಳ್ಬೇಕು ಅನಿಸುವಾಗ ಅವಳೇ ಹೇಳ್ಲಿ.”

ಅವನು ನನ್ನನ್ನು ಒಂದು ಕ್ಷಣ ನೋಡಿದ, ಆಮೇಲೆ ಚೂರಿ ಕೆಳಗಿಟ್ಟು ಟೆಸ್ಟ್ ನೋಡಲು ಹೋದ. ಒಳಗೆ ಇಬ್ಬರೂ ಏನಕ್ಕೋ ನಕ್ಕರು. ನಾನು ಉಳಿದ ಈರುಳ್ಳಿಯನ್ನು ಕತ್ತರಿಸಿ ಮುಗಿಸಿದೆ. ನನ್ನ ಚೂರುಗಳು ಅವನವುಗಳಷ್ಟು ಸಮನಾಗಿ ಬರುವುದಿಲ್ಲ.